ಪ್ಲೇಟಿಗೆ ಬಟ್ಟು ಕೊಡುವವರು

ನಮ್ಮ ಮಾವ ಸೋಮಪ್ಪನವರು ಯಾವ ಹಾಡು ಕೇಳಿದರೂ ಮೊದಲು ನೋಡುವುದು ಅದು ಸರಿಯಾದ ವೇಗದಲ್ಲಿ ಓಡುತ್ತಿದೆಯೇ ಎಂದು. ರಾಗ ಯಾವುದು, ಹಾಡಿದವರು ಯಾರು ಎಂಬುದೆಲ್ಲ ಆಮೇಲೆ. ಬೈಲಹೊಂಗಲದಲ್ಲಿ ಅವರನ್ನು ಇವತ್ತಿಗೂ ಮೈಕಿನ ಸೋಮಪ್ಪ ಎಂದೇ ಕರೆಯುತ್ತಾರೆ. ಮೈಕ್ ಸೆಟ್ಟಿನ ಅಂಗಡಿ ಮುಚ್ಚಿ ಹದಿನೆಂಟು ವರ್ಷವಾಯಿತು. ಅದೇ ಜಾಗದಲ್ಲಿ ಈಗ ಅವರ ಮಗ, ನನ್ನ ಗಂಡ ಗೌರೀಶ, ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುತ್ತಾರೆ. ಬೋರ್ಡು ಬದಲಾಗಿದೆ, ಹೆಸರು ಬದಲಾಗಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಾಯಿಪಲ್ಲೆ ಮಾರುವವಳು ಕೂಡ "ಮೈಕಿನವರ ಸೊಸಿ ಅಲ್ಲೇನು?" ಎಂದು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದ್ದಳು.

ಮಾವ ಈ ಕಸುಬಿಗೆ ಬಿದ್ದದ್ದು ಹದಿನಾರನೆಯ ವಯಸ್ಸಿಗೆ. ಗ್ರಾಮೊಫೋನ್ ರೆಕಾರ್ಡಿಗೆ ಆಗ ಎಲ್ಲರೂ ಪ್ಲೇಟು ಎನ್ನುತ್ತಿದ್ದರು. ಬಹಳ ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ, ಬಂದಲ್ಲಿ ನಿಲ್ಲುತ್ತಿರಲಿಲ್ಲ. ಹಾರ್ನು, ಪ್ಲೇಟು ತಿರುಗಿಸುವ ಪೆಟ್ಟಿಗೆ, ಲಾರಿಯ ಬ್ಯಾಟರಿ ಎಲ್ಲವನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ನೇಸರಗಿ, ಹೂಲಿ, ಕಟಕೋಳ ಎಂದು ಮದುವೆಗಳಿಗೆ ಹೋಗುತ್ತಿದ್ದರು. ಬೆಳಿಗ್ಗೆ ಜೋರಾಗಿದ್ದ ಬ್ಯಾಟರಿ ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಬ್ಯಾಟರಿ ಇಳಿದರೆ ಪ್ಲೇಟು ನಿಧಾನವಾಗಿ ತಿರುಗುತ್ತದೆ. ಹಾಡುವ ಹೆಣ್ಣುಮಗಳ ದನಿ ಗಂಡಸಿನದಾಗುತ್ತದೆ, ಇನ್ನೂ ಸ್ವಲ್ಪ ಹೊತ್ತಿಗೆ ಎಮ್ಮೆಯದಾಗುತ್ತದೆ. ಆಗ ಮಾವ ಬಲಗೈಯ ತೋರುಬೆರಳನ್ನು ಪ್ಲೇಟಿನ ನಡುವೆ ಅಂಟಿಸಿದ ಕಾಗದದ ಮೇಲಿಟ್ಟು, ಮುಳ್ಳು ಕದಲದಂತೆ ಮೆಲ್ಲಗೆ ತಿರುಗಿಸುತ್ತ, ಹಾಡನ್ನು ಅದರ ವೇಗಕ್ಕೆ ತರುತ್ತಿದ್ದರು. ಇದಕ್ಕೆ ಅವರು "ಬಟ್ಟ ಕೊಡೂದು" ಎನ್ನುತ್ತಾರೆ. ನಮ್ಮ ಕಡೆ ಬಟ್ಟು ಎಂದರೆ ಬೆರಳು.

ಕೇಳಿದರೆ ಸುಲಭ ಅನಿಸುತ್ತದೆ. ಬೆರಳು ಒಂಚೂರು ಹೆಚ್ಚಾದರೆ ಹಾಡು ಓಡುತ್ತದೆ, ಕಡಿಮೆಯಾದರೆ ಅಳುತ್ತದೆ. ಒಮ್ಮೆ ಕಟಕೋಳದ ಮದುವೆಯೊಂದರಲ್ಲಿ ಬೀಗರ ಜಗಳದಿಂದ ಅಕ್ಷತೆಯ ಅಕ್ಕಿಕಾಳು ಬೀಳುವುದು ಮೂರು ತಾಸು ತಡವಾಯಿತಂತೆ. ಅಷ್ಟು ಹೊತ್ತೂ ಮಾವ ಬೆರಳು ತೆಗೆಯಲಿಲ್ಲ. ಜಗಳ ಮಾಡುವವರಿಗೂ ಹಾಡು ಸರಿಯಾಗಿಯೇ ಕೇಳಿಸಬೇಕಲ್ಲ ಎನ್ನುತ್ತಾರೆ. ಆ ಬೆರಳಿನ ತುದಿ ಇವತ್ತಿಗೂ ಚಪ್ಪಟೆಯಾಗಿದೆ, ಚರ್ಮ ಒರಟಾಗಿದೆ. ಹೂಲಿಯ ಒಂದು ಮದುವೆಯಲ್ಲಿ ಒಬ್ಬ ಹುಡುಗಿ ಅವರ ಪಕ್ಕದಲ್ಲೇ ಬಹಳ ಹೊತ್ತು ನಿಂತು ನೋಡಿ, "ಹಾಡ ಪ್ಲೇಟ ಹೇಳತೈತೋ, ನೀವ ಹೇಳ್ತೀರೋ?" ಎಂದು ಕೇಳಿದಳಂತೆ. ಆಕೆಯೇ ನಮ್ಮ ಅತ್ತೆ ದೇವಕ್ಕ. ನಾನು ಅವರನ್ನು ನೋಡಲಿಲ್ಲ, ಈ ಮನೆಗೆ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಪ್ಲೇಟು ಹೋಗಿ ಕ್ಯಾಸೆಟ್ಟು ಬಂತು, ಕ್ಯಾಸೆಟ್ಟು ಹೋಗಿ ಡಿಜೆ ಬಂತು. ಮಾವ ಹಾರ್ನುಗಳನ್ನೆಲ್ಲ ಮಾರಿದರು. ಒಂದು ಪ್ಲೇಟಿನ ಪೆಟ್ಟಿಗೆ, ಒಂದು ಆಂಪ್ಲಿಫೈಯರು, ಸೊಂಟದೆತ್ತರದ ಒಂದು ಸ್ಪೀಕರ್ ಬಾಕ್ಸು ಮಾತ್ರ ಪಡಸಾಲೆಯಲ್ಲಿ ಉಳಿದವು. ದಿನಾ ಬೆಳಿಗ್ಗೆ ಅವುಗಳ ಧೂಳು ಒರೆಸುತ್ತಾರೆ. ಹಚ್ಚುವುದು ಮಾತ್ರ ಅಪರೂಪವಾಗಿತ್ತು. ಯಾಕೆ ಎಂದು ನಾನು ಕೇಳಿರಲಿಲ್ಲ.

ಈಗ ಗೌರೀಶರ ಬ್ಯಾಂಡಿನ ವಿಷಯ ಹೇಳಬೇಕು. ಎರಿಮಣ್ಣು, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣು, ಎಂದು ಅದರ ಹೆಸರು. ಇಪ್ಪತ್ತೊಂದು ವರ್ಷದ ಹಿಂದೆ ಕಾಲೇಜಿನಲ್ಲಿದ್ದಾಗ ಶುರು ಮಾಡಿದ್ದು, ಅದೇ ನಾಲ್ವರು ಇವತ್ತಿಗೂ ಇದ್ದಾರೆ. ಒಬ್ಬರು ಕಿತ್ತೂರಿನಲ್ಲಿ ಡ್ರಾಯಿಂಗ್ ಮಾಸ್ತರು, ಒಬ್ಬರು ಸವದತ್ತಿಯಲ್ಲಿ ಹಾಲಿನ ವ್ಯಾನು ಓಡಿಸುತ್ತಾರೆ, ರಾಮದುರ್ಗದವರು ನೇಕಾರರ ಸೊಸೈಟಿಯಲ್ಲಿ ಗುಮಾಸ್ತರು. ಗೌರೀಶ ಬಾರಿಸುವುದು ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರು. ಈ ಸಂಗೀತಕ್ಕೆ ಸ್ಟೋನರ್ ಮೆಟಲ್ ಎನ್ನುತ್ತಾರೆ. ಬಹಳ ನಿಧಾನ, ಬಹಳ ಭಾರ. ಮಳೆ ಬಿದ್ದ ಎರಿ ಹೊಲದಲ್ಲಿ ನಡೆದರೆ ಹೆಜ್ಜೆಹೆಜ್ಜೆಗೂ ಚಪ್ಪಲಿಗೆ ಮಣ್ಣು ಮೆತ್ತಿ ಕಾಲು ಎತ್ತಲಾಗುವುದಿಲ್ಲವಲ್ಲ, ಹಾಗೆ. ನನಗೆ ಇಪ್ಪತ್ತು ನಿಮಿಷ ಹಿಡಿಸುತ್ತದೆ, ಆಮೇಲೆ ಹಸಿವಾಗುತ್ತದೆ. ಆದರೆ ಬೆಳಗಾವಿ, ಪುಣೆಗಳಿಂದ ಇದನ್ನು ಕೇಳಲೆಂದೇ ಬರುವವರಿದ್ದಾರೆ. ಕಳೆದ ಡಿಸೆಂಬರಿನಲ್ಲಿ ನಮ್ಮೂರ ಹೊರಗೆ ಮುಚ್ಚಿಹೋಗಿರುವ ಹತ್ತಿಯ ಜೀನಿನಲ್ಲಿ, ಅಂದರೆ ಹತ್ತಿ ಹಿಂಜುತ್ತಿದ್ದ ತಗಡಿನ ಶೆಡ್ಡಿನಲ್ಲಿ, ಒಂದು ಕಾರ್ಯಕ್ರಮ ಮಾಡಿ ಪೂರ್ತಿ ರೆಕಾರ್ಡು ಮಾಡಿಕೊಂಡರು. ಅದನ್ನು ಪ್ಲೇಟು ಮಾಡಿಸಬೇಕೆಂದು ಹಟ ಹಿಡಿದವರು ಗೌರೀಶ. ಇಂಥ ಸಂಗೀತ ಕೇಳುವವರಿಗೆ ಪ್ಲೇಟೇ ಇಷ್ಟವೆಂದು ಉಳಿದ ಮೂವರನ್ನು ಒಪ್ಪಿಸಿದರು. ನನಗೆ ಮಾತ್ರ ಹೇಳಿದ್ದು ಬೇರೆ: "ಫೋನಿನ್ಯಾಗ ಹಾಕಿ ಕೊಟ್ರ ಅಪ್ಪ ಮುಟ್ಟೂದಿಲ್ಲ. ಪ್ಲೇಟ ಆದ್ರ ಮುಳ್ಳ ಇಡಾಕರ ಇಡ್ತಾನ."

ಜೀನಿನ ಕಾರ್ಯಕ್ರಮಕ್ಕೆ ಕರೆದಾಗ ಮಾವ ಬಂದಿರಲಿಲ್ಲ. "ನಿಮ್ಮ ಗದ್ದಲಾ ನನಗ್ಯಾಕಪಾ" ಎಂದಿದ್ದರು.

ಇದೆಲ್ಲದರ ನಡುವೆ ನನ್ನದೊಂದು ಚಿಂತೆ ಇತ್ತು. ನಾನು ನೇಸರಗಿಯ ಸರಕಾರಿ ಸಾಲೆಯಲ್ಲಿ ಶಿಕ್ಷಕಿ. ಮಗಳು ನೀಲಾಗೆ ಎಂಟು ತಿಂಗಳು. ಹೆರಿಗೆ ರಜೆಯೂ ಬೇಸಿಗೆ ರಜೆಯೂ ಮುಗಿಯುತ್ತ ಬಂದು, ಜೂನ್ ಎರಡರಿಂದ ನಾನು ಬಸ್ಸು ಹತ್ತಬೇಕಾಗಿತ್ತು. ಕೂಸನ್ನು ಯಾರ ಹತ್ತಿರ ಬಿಡುವುದು ಎಂಬ ಮಾತು ಮನೆಯಲ್ಲಿ ಏಳುವ ಮೊದಲೇ ಮಾವ, "ಯಾರ್ಯಾಕ? ನಾ ಅದೀನಲ್ಲ" ಎಂದುಬಿಟ್ಟಿದ್ದರು. ಹಾಗೆಂದ ದಿನವೇ ಪೇಟೆಯೆಲ್ಲ ಅಡ್ಡಾಡಿ, ತೊಟ್ಟಿಲಿಗೆ ಹೊಸ ಹಗ್ಗ ತಂದಿದ್ದರು. ಆ ಎರಡು ಕೈಗಳು ಅವಳನ್ನು ಎತ್ತಿಕೊಳ್ಳುವ ಬಗೆ ನೋಡಿದರೆ ಇನ್ನೊಬ್ಬರು ಬೇಕು ಅನಿಸುತ್ತಿರಲಿಲ್ಲ.

ಆದರೆ ಮೇ ಹದಿನಾಲ್ಕರ ನನ್ನ ಡೈರಿಯಲ್ಲಿ ಒಂದೇ ಸಾಲು ಇದೆ: "ಮಾವಾರಿಗೆ ಕೇಳಿಸಲಿಲ್ಲ." ಅವತ್ತು ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ನೀಲಾ ಅತ್ತಿದ್ದು ಕೇಳಿ ಓಡಿ ಬಂದೆ. ಅವಳು ತೊಟ್ಟಿಲಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿದ್ದಳು. ಮಾವ ಅಲ್ಲಿಂದ ನಾಲ್ಕು ಹೆಜ್ಜೆಯಲ್ಲಿ, ಬೆನ್ನು ಮಾಡಿ ಕುಳಿತು, ಶೇಂಗಾ ಸುಲಿಯುತ್ತಿದ್ದರು. ಒಂದೊಂದೇ ಕಾಳು ತೆಗೆದು ಬುಟ್ಟಿಗೆ ಹಾಕುತ್ತಿದ್ದರು, ಬಹಳ ಸಮಾಧಾನದಿಂದ.

ಆಮೇಲೆ ಒಂದೊಂದೇ ನೆನಪಾಯಿತು. ಕುಕ್ಕರಿನ ಸೀಟಿ ಎಷ್ಟಾಯಿತೆಂದು ಕೇಳಿದರೆ "ಆತು ಆತು" ಎನ್ನುವುದು. ಫೋನು ಬಂದರೆ ಗೌರೀಶರ ಕೈಗೆ ಕೊಡುವುದು. ನಾನು ಮಾತಾಡುವಾಗ ನನ್ನ ಬಾಯಿಯನ್ನೇ ನೋಡುವುದು. ನಾಚಿಕೆಯಾದರೂ ಬರೆಯುತ್ತೇನೆ, ಎರಡು ಸಲ ಪರೀಕ್ಷೆಯನ್ನೂ ಮಾಡಿದೆ. ಅವರ ಹಿಂದೆ ನಿಂತು ಸ್ಟೀಲಿನ ತಾಟು ಬೀಳಿಸಿದೆ, ತಟ್ಟನೆ ತಿರುಗಿ ನೋಡಿದರು. ಬಳೆ ಅಲ್ಲಾಡಿಸಿದೆ, ತಿರುಗಲಿಲ್ಲ. ಒಂದು ಗೊತ್ತಾಗುತ್ತಿತ್ತು, ಇನ್ನೊಂದು ಇಲ್ಲ. ನಲವತ್ತು ವರ್ಷ ಕಿವಿಯಿಂದಲೇ ಉಂಡ ಮನುಷ್ಯನಿಗೆ ನಿಮ್ಮ ಕಿವಿ ಹೋಗಿದೆ ಎಂದು ಹೇಳುವುದು ಹೇಗೆ? ಹೇಳದೆ ಕೂಸನ್ನು ಬಿಟ್ಟು ಹೋಗುವುದು ಹೇಗೆ? ಗೌರೀಶರಿಗೆ ಹೇಳಬೇಕೆಂದು ಬಾಯಿ ತೆರೆದು ಎರಡು ಸಲ ಬೇರೆ ಏನೋ ಹೇಳಿದೆ.

ಹೀಗಿರುವಾಗ ಮೇ ಇಪ್ಪತ್ತೈದರ ಭಾನುವಾರ ಮಧ್ಯಾಹ್ನ ಗೌರೀಶ ಮೊದಲ ಪ್ಲೇಟು ತಂದರು. ರಟ್ಟಿನ ಚೀಲದ ಮೇಲೆ ಬಿರುಕು ಬಿಟ್ಟ ಎರಿ ಹೊಲದ ಚಿತ್ರ, ಡ್ರಾಯಿಂಗ್ ಮಾಸ್ತರು ಬರೆದದ್ದು. ಪಕ್ಕದ ಮನೆಯ ಶಟ್ಟೆವ್ವ ಕಾಕು ನೋಡಲು ಬಂದರು. ಮಾವನ ಓರಗೆಯವರು, ಮೊದಲಿನಿಂದಲೂ ಅವರನ್ನು ಕಾಡಿಸುವುದರಲ್ಲಿ ಮುಂದೆ.

"ಏನಂತಾರೋ ಇದಕ್ಕ?" ಎಂದು ಕಾಕು ಚೀಲವನ್ನು ದೂರ ಹಿಡಿದು ನೋಡಿದರು.

"ಸ್ಟೋನರ್ ಮೆಟಲ್ ಕಾಕೂ."

"ಸ್ಟೋನ ಅಂದ್ರ ಕಲ್ಲ, ಮೆಟಲ್ ಅಂದ್ರ ರಸ್ತಾಕ್ಕ ಹಾಕೂ ಖಡಿ. ಕಲ್ಲೂ ಖಡಿ ಕೂಡಿ ಹಾಡ ಹೇಳ್ತಾವೇನ? ಸೋಮಪ್ಪಣ್ಣಾ, ನಿನ್ನ ಮಗಾ ರೋಡ ಕಾಂಟ್ರಾಕ್ಟರ್ ಆಗ್ಯಾನ ತಗೋ!"

ಮಾವ ನಕ್ಕರು. ಕೈ ತೊಳೆದುಕೊಂಡು ಬಂದು, ಪ್ಲೇಟನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿದರು. "ಗೆರಿ ಚಂದ ಕೂತಾವ" ಎಂದರು. ಪೆಟ್ಟಿಗೆಯ ಮೇಲಿಟ್ಟು, ಮುಳ್ಳಿಗೆ ಊದಿ, ಇಳಿಸಿದರು. ಗೌರೀಶ ಕಂಬಕ್ಕೆ ಒರಗಿ ನಿಂತಿದ್ದರು. ನೂರಾರು ಜನರ ಮುಂದೆ ಬಾರಿಸುವ ಮನುಷ್ಯ ಅಂಗಿಯ ಗುಂಡಿ ತಿರುವುತ್ತಿದ್ದರು.

ಮೊದಲು ಜನರ ಗಲಾಟೆ, ಯಾರದೋ ಸಿಳ್ಳೆ. ಆಮೇಲೆ ಗಿಟಾರು. ಒಂದು ಪೆಟ್ಟು, ಅದು ಹರಡಿ ಮುಗಿಯುವ ತನಕ ಕಾದು ಇನ್ನೊಂದು ಪೆಟ್ಟು. ಕಿಟಕಿಯ ಗಾಜು ಗುಂಯ್ ಅಂದಿತು.

ಮಾವನ ಹುಬ್ಬು ಗಂಟಾಯಿತು. "ಕರೆಂಟ ಡಿಮ್ ಐತಿ ನೋಡ" ಎಂದವರೇ ತೋರುಬೆರಳನ್ನು ಪ್ಲೇಟಿನ ಮೇಲೆ ಇಟ್ಟುಬಿಟ್ಟರು. ಬಟ್ಟು ಕೊಟ್ಟರು!

ಎರಿಮಣ್ಣು ಕಣ್ಣಿ ಕಿತ್ತ ಕರುವಿನ ಹಾಗೆ ಓಡತೊಡಗಿತು. ಡ್ರಮ್ಮು ಟಪಟಪ, ಹಾಡುವವರ ದನಿ ಕೀಚಲು. ಕಾಕು ಕುಳಿತಲ್ಲೇ ತಲೆ ಕುಣಿಸುತ್ತ, "ಹಾಂ, ಈಗ ಬಂತ ನೋಡ ಹಾಡಿಗೆ ಜೀವ" ಎಂದರು.

"ಅಪ್ಪಾ, ಬಟ್ಟ ತಗಿ."

ಮಾವ ಪ್ಲೇಟನ್ನೇ ನೋಡುತ್ತಿದ್ದರು. ಗೌರೀಶ ಹತ್ತಿರ ಹೋಗಿ ಅವರ ಮಣಿಕಟ್ಟು ಹಿಡಿದರು. "ಅಪ್ಪಾ, ಕರೆಂಟ ಬರೋಬ್ಬರಿ ಐತಿ. ಫ್ಯಾನ ನೋಡ, ಹೆಂಗ ತಿರಗಾಕ ಹತ್ತೇತಿ. ಹಾಡ ಇರೂದ ಹಂಗ."

"ಹಂಗಂದ್ರ?"

"ನಿಧಾನ. ಬೇಕಂತ ನಿಧಾನ."

"ಬ್ಯಾಟರಿ ಇಳದಂಗ ಬೇಕಂತ ಬಾರಸ್ತೀರಿ?"

"ಹೂಂ."

ಮಾವ ಒಮ್ಮೆ ಮಗನ ಮುಖ, ಒಮ್ಮೆ ಪ್ಲೇಟು ನೋಡಿದರು. "ನನ್ನ ಜಲ್ಮೆಲ್ಲಾ ಹಾಡ ಹಿಂಗ ಆಗಬಾರ್ದಂತ ಬಟ್ಟ ಸವಸೀನಿ. ನನ್ನ ಮಗಾ ಇಪ್ಪತ್ತೊಂದ ವರ್ಷ ಹಿಂಗ ಆಗಲೆಂತ ಬಾರಿಸ್ಯಾನ!"

ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೂ ನಗು ಬಂತು. ಗೌರೀಶರ ಮುಖ ನೋಡಿ ನುಂಗಿಕೊಂಡೆ. ಅವರು ಮುಳ್ಳು ಎತ್ತಲು ಕೈ ಚಾಚಿದ್ದರು. "ಹೋಗ್ಲಿ ಬಿಡ, ಆತು" ಎಂದರು.

"ತಡಿ, ತಡಿ. ತಗೀಬ್ಯಾಡ." ಮಾವ ಬೆರಳು ತೆಗೆದಿದ್ದರು, ಆದರೆ ಆಸರೆಗೆಂದು ಇನ್ನೊಂದು ಕೈಯನ್ನು ಸ್ಪೀಕರ್ ಬಾಕ್ಸಿನ ಮೇಲೆ ಇಟ್ಟಿದ್ದರು. ಆ ಕೈ ಅಲ್ಲೇ ನಿಂತಿತು. ಪ್ಲೇಟು ತನ್ನ ವೇಗಕ್ಕೆ ಮರಳಿ, ಗೌರೀಶರ ದಪ್ಪ ತಂತಿಯ ದನಿ ನೆಲದಲ್ಲಿ ಹರಿಯತೊಡಗಿತು. ನನ್ನ ಅಂಗಾಲಿಗೂ ಅದು ಬಂತು. ಮಾವ ಎರಡೂ ಅಂಗೈಗಳನ್ನು ಬಾಕ್ಸಿಗೆ ಹಚ್ಚಿ, ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಗಲ್ಲವನ್ನೂ ಅದರ ಮೇಲಿಟ್ಟರು. "ದನಿ ಏರಸ" ಎಂದರು. ಗೌರೀಶ ಏರಿಸಿದರು. "ಇನ್ನಷ್ಟ."

ಒಂದು ಬದಿ ಪೂರ್ತಿ ಹಾಗೆಯೇ ಕುಳಿತು ಕೇಳಿದರು. ಇಪ್ಪತ್ತೆರಡು ನಿಮಿಷ. ನಡುವೆ ಒಮ್ಮೆ ಕಣ್ಣು ತೆರೆದು, "ಇದ ಜೀನಿನ್ಯಾಗ ಮಾಡಿದ್ದಲ್ಲ?" ಎಂದರು. "ಗ್ವಾಡಿ ಮಗ್ಗಲದ ತಗಡಿಂದ ಒಂದ ಬೋಲ್ಟ ಸಡಲ ಐತಿ. ನೀ ದಪ್ಪ ತಂತಿ ಹೊಡದಾಗೊಮ್ಮೆ ಹಿಂದಿಂದ ಅದು ಝುರ್ರ್ ಅಂತೈತಿ."

ಗೌರೀಶ ಬಾಯಿ ತೆರೆದುಕೊಂಡು ನಿಂತರು. ಆ ತಗಡಿನ ಸದ್ದನ್ನು ತೆಗೆಯಲು ಅವರೂ ರೆಕಾರ್ಡಿಂಗಿನವರೂ ಎರಡು ವಾರ ತಿಣುಕಿದ್ದರು. ತೆಗೆದಿದ್ದೇವೆ ಎಂದೇ ತಿಳಿದಿದ್ದರು. "ಇಷ್ಟ ಜನಾ ಕೇಳ್ಯಾರ, ಯಾರಿಗೂ ಗೊತ್ತಾಗಿಲ್ಲ" ಎಂದು ನನ್ನ ಕಡೆ ತಿರುಗಿದರು. ಅಂಥ ಹೊಳಪು ಅವರ ಮುಖದಲ್ಲಿ ನಾನು ನೀಲಾ ಹುಟ್ಟಿದ ದಿನ ಕಂಡಿದ್ದೆ.

ಹಾಡು ಮುಗಿಯಿತು. ಪ್ಲೇಟಿನಲ್ಲಿ ಚಪ್ಪಾಳೆ ಬಿದ್ದವು, ಅವೂ ನಿಂತವು. ಮುಳ್ಳು ಕೊನೆಯ ಗೆರೆಯಲ್ಲಿ ಸುಮ್ಮನೆ ಸುತ್ತುತ್ತಿತ್ತು. ಆಗ ಒಳಗಿನ ಕೋಣೆಯಿಂದ ನೀಲಾಳ ಅಳು. ಸದ್ದಿಗೆ ಎದ್ದಿದ್ದಳೇನೋ, ಯಾವಾಗಿನಿಂದ ಅಳುತ್ತಿದ್ದಳೋ, ದನಿ ಒಡೆದಿತ್ತು. ನಾನು ಎದ್ದೆ. ಗೌರೀಶ ಎದ್ದರು. ಕಾಕು ಕೂಡ "ಅಯ್ಯ, ಕೂಸ" ಎಂದು ಮೊಣಕಾಲ ಮೇಲೆ ಕೈಯೂರಿದರು.

ಮಾವ ಬಾಕ್ಸಿನ ಮೇಲೆ ಅಂಗೈ ಇಟ್ಟುಕೊಂಡೇ, "ಮುಗೀತೇನು? ಇನ್ನೊಂದ ಮಗ್ಗಲಾ ಹಾಕ" ಎಂದರು. ನಗುತ್ತಿದ್ದರು.

ಗೌರೀಶ ಅವರನ್ನೇ ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಮಾವ ನಮ್ಮ ಮೂವರ ಮುಖಗಳನ್ನೂ ನೋಡಿದರು, ನಾನು ಹೊರಟಿದ್ದ ದಿಕ್ಕನ್ನೂ ನೋಡಿದರು. ನಗು ಮೆಲ್ಲಗೆ ಇಳಿಯಿತು.

"ಕೂಸ ಅಳಾಕ ಹತ್ತೇತೇನು?"

ನಾನು ನೀಲಾಳನ್ನು ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ನೆಲದ ಮೇಲೆ ಕುಳಿತಿದ್ದರು. ಮಗನಿಗೆ ಹೇಳುತ್ತಿದ್ದರು: "ಮೂರ ವರ್ಷಾತು. ಮೊದಲ ಹೆಣ್ಣಮಕ್ಕಳ ದನಿ ಹೋತು. ನಿಮ್ಮವ್ವನ ಇಷ್ಟದ ಪ್ಲೇಟ ಹಾಕಿದ್ನಿ, ಮುಳ್ಳ ತಿರಗತೈತಿ, ಹಾಡೂಕಿ ದನಿ ಬರಾಕ ಹತ್ತಿಲ್ಲ. ಪ್ಲೇಟ ಸವದೈತಿ ಅಂದ್ಕೊಂಡ್ನಿ. ಆಮ್ಯಾಲ ಹಾರ್ಮೋನಿಯಂ ಪೇಟಿ ದನಿ ಹೋತು, ಗುಬ್ಬಿ ದನಿ ಹೋತು. ಹಚ್ಚೂದ ಬಿಟ್ನಿ." ಆಮೇಲೆ ಬಾಕ್ಸಿನ ಕಡೆ ಕೈ ಮಾಡಿ, "ನಿನ್ನ ಈ ಗದ್ದಲಾ ಒಂದ ನೋಡಪಾ, ಪೂರಾ ಬಂತು. ಮೂರ ವರ್ಷದಾಗ ಇದೊಂದ ಪೂರಾ ಬಂತು" ಎಂದರು.

ನನ್ನ ಕಡೆ ತಿರುಗಿದಾಗ ಮಾತ್ರ ಕಣ್ಣು ತಗ್ಗಿಸಿದರು. "ತಾಟ ಬೇಕಂತ ಬೀಳಿಸಿದ್ದಿ, ಗೊತ್ತೈತಿ ನನಗ. ಸಪ್ಪಳ ಕೇಳಲಿಲ್ಲ, ನೆಲಾ ಹೇಳ್ತು. ಶೈಲಾ, ಕೂಸಿನ್ನ ನನ್ನ ಕೈಯಾಗ ಬಿಡಬ್ಯಾಡವಾ."

ಆ ಮಾತು ನಾನು ಹೇಳಬೇಕಾಗಿದ್ದದ್ದು. ಅವರೇ ಹೇಳಿದ್ದರಿಂದ ನನಗೆ ಸಮಾಧಾನವಾಗಲಿಲ್ಲ. ಕಾಕು ಅವತ್ತು ಏನೂ ಕಾಡಿಸದೆ ಎದ್ದು ಹೋದರು.

ಎರಡು ದಿನ ಮಾವ ನೀಲಾಳನ್ನು ಎತ್ತಿಕೊಳ್ಳಲಿಲ್ಲ. ಅವಳು ಅಂಬೆಗಾಲಿಟ್ಟು ಹೋಗಿ ಅವರ ಧೋತರ ಹಿಡಿದರೆ, ಬಿಡಿಸಿ ನನ್ನ ಕಡೆ ತಿರುಗಿಸುತ್ತಿದ್ದರು. ಮಂಗಳವಾರ ನಾನೇ ಅವರನ್ನು ಧಾರವಾಡದ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಣ್ಣ ಸ್ವರಗಳು ಬಹುಪಾಲು ಹೋಗಿವೆ, ದಪ್ಪ ಸ್ವರಗಳು ಉಳಿದಿವೆ ಎಂದರು. ಹಾರ್ನಿನ ಪಕ್ಕ ಕುಳಿತವರಿಗೆ ಹೀಗಾಗುತ್ತದಂತೆ. ಕಿವಿಯ ಮಷೀನಿಗೆ ಅಳತೆ ಕೊಟ್ಟು ಬಂದೆವು, ಅದು ಬರಲು ಒಂದು ತಿಂಗಳು. ಮರಳುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಸರಳಿನ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು. ಕಿತ್ತೂರು ದಾಟಿದ ಮೇಲೆ, "ಗೇರ್ ಹಾಕಿದಾಗೊಮ್ಮೆ ಎಡಕಿನ ಗಾಲಿ ಕಡೆ ಏನೋ ತಿಕ್ಕತೈತಿ" ಎಂದರು. ಡ್ರೈವರನಿಗೆ ಅದು ಗೊತ್ತಿತ್ತೋ ಇಲ್ಲವೋ. ನನಗೆ ತೊಟ್ಟಿಲ ಹಗ್ಗ ನೆನಪಾಯಿತು.

ಮನೆಗೆ ಬಂದವಳೇ ಅವರ ಕುರ್ಚಿಯನ್ನು ತೊಟ್ಟಿಲ ಪಕ್ಕಕ್ಕೆ ಎಳೆದೆ. ಅವರೇ ತಂದಿದ್ದ ಹೊಸ ಹಗ್ಗದ ಒಂದು ತುದಿಯನ್ನು ತೊಟ್ಟಿಲಿಗೆ ಕಟ್ಟಿ, ಇನ್ನೊಂದು ತುದಿಯಲ್ಲಿ ಉಂಗುರದ ಹಾಗೆ ಕುಣಿಕೆ ಮಾಡಿದೆ.

"ಏನ ಮಾಡಾಕ ಹತ್ತೀಯವಾ?"

"ಬಟ್ಟ ಕೊಡ್ರಿ ಮಾವಾರ" ಎಂದೆ, ಬಾಯಿ ಕಾಣುವಂತೆ ಎದುರು ನಿಂತು.

ಅವರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಆ ಚಪ್ಪಟೆ ಬೆರಳನ್ನು ಚಾಚಿದರು. ಕುಣಿಕೆ ಹಾಕಿ ನೀಲಾಳನ್ನು ಮಲಗಿಸಿದೆ. ಗೌರೀಶ ಅಂಗಡಿಯಿಂದ ಬಂದು ಹಗ್ಗದ ಗಂಟು ಬಿಚ್ಚಿ, ಮೋಟರಿಗೆ ಸುತ್ತುವ ತಾಮ್ರದ ತಂತಿಯಿಂದ ಬಿಗಿ ಮಾಡಿದರು. "ಗಂಟ ಸಡಲ ಇದ್ರ ಸುದ್ದಿ ಮುಟ್ಟೂದಿಲ್ಲ" ಎಂದರು.

ಅಷ್ಟಕ್ಕೇ ನಾನು ನಂಬಲಿಲ್ಲ. ಆ ವಾರ ಪೂರ್ತಿ ದಿನವೂ ನಿದ್ದೆಯ ಹೊತ್ತಿಗೆ ಬಾಗಿಲ ಹಿಂದೆ ನಿಂತು ನೋಡಿದೆ. ಅವಳು ಎಚ್ಚರವಿದ್ದಾಗ ಚಿಂತೆಯಿರಲಿಲ್ಲ, ಅವರ ಕಣ್ಣು ಅವಳ ಮೇಲಿಂದ ಕದಲುವುದಿಲ್ಲ. ಮಧ್ಯಾಹ್ನ ಎರಡು ಸಲ ಬಂದು ನೋಡಿ ಹೋಗುವುದಾಗಿ ಶಟ್ಟೆವ್ವ ಕಾಕು ಮಾತು ಕೊಟ್ಟರು. "ಮೈಕ ಮುಗೀತು, ಈಗ ಲೈನಮನ್ ಆಗ್ಯಾನ ನೋಡ ನಮ್ಮ ಸೋಮಪ್ಪಣ್ಣ" ಎಂದು ಮೊದಲಿನ ವರಸೆಗೆ ಬಂದರು.

ಭಾನುವಾರ, ಸಾಲೆ ಶುರುವಾಗುವ ಹಿಂದಿನ ದಿನ, ಕಡೆಯ ಸಲ ಬಾಗಿಲ ಹಿಂದೆ ನಿಂತಿದ್ದೆ. ಮಾವ ಎಡಗೈಯಲ್ಲಿ ಶೇಂಗಾ ಒಡೆಯುತ್ತಿದ್ದರು, ಬಲಗೈಯ ಬೆರಳು ಕುಣಿಕೆಯಲ್ಲಿತ್ತು. ತೊಟ್ಟಿಲಲ್ಲಿ ಏನೂ ಸದ್ದಿರಲಿಲ್ಲ, ನನ್ನ ಕಿವಿಗಂತೂ ಏನೂ ಬಿದ್ದಿರಲಿಲ್ಲ. ಮಾವ ಶೇಂಗಾ ಕೆಳಗಿಟ್ಟು ಎದ್ದು ತೊಟ್ಟಿಲಿಗೆ ಬಗ್ಗಿದರು. ನೀಲಾ ಆಗಷ್ಟೇ ಮಗ್ಗುಲಾಗಿ, ಅಳಲೆಂದು ಬಾಯಿ ತೆರೆಯುತ್ತಿದ್ದಳು. ಎದುರಿಗೆ ಅಜ್ಜನ ಮುಖ ಕಂಡು ತೆರೆದ ಬಾಯಿಯಲ್ಲೇ ನಕ್ಕಳು.

"ಅಳೂಕಿಂತ ಮೊದಲ ಹೊಳ್ಳತಾಳ" ಎಂದರು ಮಾವ, ಬಾಗಿಲ ಕಡೆ ನೋಡದೆಯೇ. ನಾನು ಅಲ್ಲಿರುವುದು ಅವರಿಗೆ ಹೇಗೆ ಗೊತ್ತಾಯಿತೋ, ನೆಲ ಹೇಳಿರಬೇಕು. "ನಾಳೆ ಎಷ್ಟಕ್ಕ ಬಸ್ಸ, ಶೈಲಾ?"

"ಎಂಟೂವರೆಗೆ ಮಾವಾರ" ಎಂದೆ, ಅವರ ಎದುರು ಬಂದು ನಿಂತು.

"ಹೋಗಿ ಬಾ" ಎಂದು ನೀಲಾಳನ್ನು ಎತ್ತಿಕೊಂಡು ಪಡಸಾಲೆಗೆ ನಡೆದರು, ಪ್ಲೇಟಿನ ಇನ್ನೊಂದು ಮಗ್ಗುಲು ಹಾಕಲು.